ಎರಡು ತ್ರಿಭುಜಗಳು

ನನ್ನ ಊರಿನ ಹೆಸರಿನಲ್ಲಿ ಸಮುದ್ರವಿದೆ, ಊರಿನಲ್ಲಿ ಇಲ್ಲ. ಯಾದಗಿರಿ ಸೀಮೆಯ ರಾಮಸಮುದ್ರದಿಂದ ಪಶ್ಚಿಮಕ್ಕೆ ಹೊರಟರೂ ಪೂರ್ವಕ್ಕೆ ಹೊರಟರೂ ಕಡಲು ಕಾಣಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಕಲಬುರಗಿಗೆ ಡಿಗ್ರಿ ಓದಲು ಹೋದಾಗ ಹಾಸ್ಟೆಲಿನ ಗೆಳೆಯರು "ಏನಪಾ, ನಿಮ್ಮೂರಾಗ ಹಡಗು ಎಷ್ಟು ಗಂಟೆಕ್ಕ ಬರ್ತಾವ?" ಎಂದು ಕಾಡುತ್ತಿದ್ದರು. ಮುತ್ಯಾನನ್ನು ಕೇಳಿದರೆ, "ಸಮುದ್ರ ಅಂದ್ರ ಕೆರಿನೋ ತಮ್ಮಾ. ಸಮುದ್ರ ಕಾಣದವರು ದೊಡ್ಡ ಕೆರಿಗೇ ಸಮುದ್ರ ಅಂದ್ರು" ಎಂದಿದ್ದ. ಅವನು ಹೇಳಿದ್ದು ಸರಿ ಎಂದು ಮುಂದೆ ಇತಿಹಾಸ ಓದುವಾಗ ಗೊತ್ತಾಯಿತು. ನಮ್ಮ ನಾಡಿನಲ್ಲಿ ದೊಡ್ಡ ಕೆರೆಗಳಿಗೆ ಸಮುದ್ರ ಎನ್ನುವುದು ಹಳೆಯ ರೂಢಿ. ಹೊಯ್ಸಳರ ರಾಜಧಾನಿಯೇ ದೋರಸಮುದ್ರ.

ಹೀಗೆ ಕಡಲು ಕಾಣದ ಊರಿನ ಹುಡುಗನಾದ ನನಗೆ ಕಡಲಿನ ಮೊದಲ ಪರಿಚಯ ಆದದ್ದು ಒಂದು ಹಳೆಯ ವಾರಪತ್ರಿಕೆಯ ಪುಟಗಳಲ್ಲಿ. ಹೈಸ್ಕೂಲಿನಲ್ಲಿದ್ದಾಗ ಗ್ರಂಥಾಲಯದ ರದ್ದಿಯ ನಡುವೆ ಸಿಕ್ಕ ಆ ಲೇಖನದಲ್ಲಿ ಬರ್ಮುಡಾ ತ್ರಿಭುಜದ ಕಥೆಯಿತ್ತು. ಫ್ಲೋರಿಡಾ, ಬರ್ಮುಡಾ, ಪೋರ್ಟೊರಿಕೊ, ಈ ಮೂರು ಬಿಂದುಗಳ ನಡುವೆ ಹಡಗು, ವಿಮಾನಗಳು ಸುಳಿವಿಲ್ಲದೆ ಮಾಯವಾಗುತ್ತವಂತೆ, ದಿಕ್ಸೂಚಿ ಹುಚ್ಚುಹುಚ್ಚಾಗಿ ತಿರುಗುತ್ತದಂತೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸ್ಕೇಲು ಇಟ್ಟು ಆ ತ್ರಿಭುಜ ಬರೆದುಕೊಂಡಿದ್ದೆ. ಮುಳುಗಿದ ಅಟ್ಲಾಂಟಿಸ್ ನಗರದಿಂದ ಹೊಮ್ಮುವ ಕಿರಣಗಳು, ಬೇರೆ ಗ್ರಹದವರು, ಕಾಲದ ಬಿರುಕು ಎಂದು ಅಲ್ಲಿ ಕೊಟ್ಟಿದ್ದ ವಿವರಣೆಗಳನ್ನೆಲ್ಲ ನಂಬಿದ್ದೆ. ಅದರಲ್ಲಿದ್ದ ಒಬ್ಬೇ ಒಬ್ಬ ಮನುಷ್ಯನ ಹೆಸರೂ ನನಗೆ ನೆನಪಿರಲಿಲ್ಲ ಎಂಬುದು ಹೊಳೆದದ್ದು ಬಹಳ ವರ್ಷಗಳ ನಂತರ, ಇನ್ನೊಂದು ತ್ರಿಭುಜ ಕಣ್ಣೆದುರಿಗೇ ಕಾಣೆಯಾದಾಗ.

2018ರ ಡಿಸೆಂಬರಿನಲ್ಲಿ ನಾನು ಉಡುಪಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಆ ತಿಂಗಳ 13ರ ರಾತ್ರಿ ಮಲ್ಪೆ ಬಂದರಿನಿಂದ ಆಳಸಮುದ್ರದ ಮೀನುಗಾರಿಕೆಗೆ ಹೊರಟ ಬೋಟೊಂದು ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಬೋಟಿನಲ್ಲಿದ್ದವರು ಏಳು ಜನ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಆಳಸಮುದ್ರಕ್ಕೆ ಹೋದ ಬೋಟುಗಳು ಹತ್ತು ಹನ್ನೆರಡು ದಿನ ಹೊರಗೇ ಇರುವುದು ವಾಡಿಕೆಯಾದ್ದರಿಂದ ಮೊದಮೊದಲು ಯಾರೂ ಗಾಬರಿಯಾಗಲಿಲ್ಲ. ಆಮೇಲೆ ದಕ್ಕೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಬೋಟಿನ ಹೆಸರು ಸುವರ್ಣ ತ್ರಿಭುಜ.

ಇಂಥ ಹೆಸರನ್ನು ನಾನು ಕಥೆಯಲ್ಲಿ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು. ಆದರೆ ಅದು ನಿಜವಾದ ಬೋಟು, ನಿಜವಾದ ಹೆಸರು. ತರಗತಿಯಲ್ಲಿ ಹುಡುಗರು, "ಸರ್, ನಮ್ಮ ಅರಬ್ಬಿ ಸಮುದ್ರದಲ್ಲೂ ಬರ್ಮುಡಾ ಥರ ಏನಾದ್ರೂ ಉಂಟಾ?" ಎಂದು ಕೇಳಿದರು. ಕಡಲ್ಗಳ್ಳರು ಹಿಡಿದುಕೊಂಡು ಹೋಗಿದ್ದಾರೆ ಎಂಬ ಮಾತು ಹಬ್ಬಿತ್ತು. ಗಡಿ ದಾಟಿ ಬೇರೆ ದೇಶದ ಜೈಲಿನಲ್ಲಿದ್ದಾರೆ ಎಂದೂ ಹೇಳುತ್ತಿದ್ದರು. ಅಪಹರಣದ ಮಾತನ್ನು ಜನ ಬಿಡದೆ ಹಿಡಿದುಕೊಂಡಿದ್ದೇಕೆ ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಅಪಹರಣವಾದವರು ಬದುಕಿರುತ್ತಾರೆ.

2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದು ಕುಳಿತರು. ನಾನೂ ಆ ಕಡೆ ಹೋಗಿದ್ದೆ. ಘೋಷಣೆಗಳ ನಡುವೆ ನಡುವಯಸ್ಸಿನ ಹೆಂಗಸೊಬ್ಬರು ಪಕ್ಕದವರಿಗೆ ಮೆಲ್ಲಗೆ ಹೇಳುತ್ತಿದ್ದರು: "ಇದ್ದಾರೆ ಅಂತಲಾದರೂ ಹೇಳಲಿ, ಇಲ್ಲ ಅಂತಲಾದರೂ ಹೇಳಲಿ." ಅವರು ಆ ಏಳು ಮನೆಗಳಲ್ಲಿ ಒಂದರವರೋ, ನೆರೆಮನೆಯವರೋ ನಾನು ಕೇಳಲಿಲ್ಲ. ಆ ಮಾತನ್ನು ಹೆಚ್ಚುಕಡಿಮೆ ಅದೇ ರೂಪದಲ್ಲಿ ನಾನು ರಾಮಸಮುದ್ರದ ನಮ್ಮ ಓಣಿಯಲ್ಲಿ ಕೇಳಿದ್ದೆ. ಪಕ್ಕದ ಮನೆಯ ದೊಡ್ಡವ್ವನ ಮಗ ಪುಣೆಗೆ ದುಡಿಯಲು ಹೋದವನು ಒಂದು ಸಲ ಹಬ್ಬಕ್ಕೆ ಬರಲಿಲ್ಲ, ಆಮೇಲೆ ಫೋನೂ ಬರಲಿಲ್ಲ. ಅವನ ಸಂಗಡ ಹೋದವರು, "ಬ್ಯಾರೆ ಕಡೆ ಕೆಲಸ ಸಿಕ್ಕೈತಿ ಅಂತ ಹೋದ, ಮುಂದ ಗೊತ್ತಿಲ್ಲ" ಎಂದರು. ದೊಡ್ಡವ್ವ ಹೇಳುತ್ತಿದ್ದಳು: "ಸತ್ತಾನ ಅಂದ್ರ ಅತ್ತು ಮುಗಸ್ತಿದ್ದೆ. ಬರ್ತಾನ ಅಂದ್ರ ಕಾಯ್ತಿದ್ದೆ. ಎರಡೂ ಅಲ್ಲಂದ್ರ ಏನು ಮಾಡ್ಲಿ?"

ಮರುದಿನದಿಂದ ಬರ್ಮುಡಾದ ಬಗ್ಗೆ ಮತ್ತೆ ಓದತೊಡಗಿದೆ. ಈ ಸಲ ಹುಡುಗನ ಹಾಗಲ್ಲ, ಮೇಷ್ಟ್ರ ಹಾಗೆ. ಯಾರು, ಯಾವಾಗ, ಎಲ್ಲಿ ಎಂದು ಕೇಳಿಕೊಳ್ಳುತ್ತ.

ಬರ್ಮುಡಾ ತ್ರಿಭುಜ ಎಂಬ ಹೆಸರು ಹುಟ್ಟಿದ್ದು ಸಮುದ್ರದಲ್ಲಲ್ಲ, 1964ರಲ್ಲಿ ಅಮೆರಿಕದ ಒಂದು ಜನಪ್ರಿಯ ಪತ್ರಿಕೆಗೆ ವಿನ್ಸೆಂಟ್ ಗ್ಯಾಡಿಸ್ ಬರೆದ ಲೇಖನದಲ್ಲಿ. ಹತ್ತು ವರ್ಷಗಳ ನಂತರ ಚಾರ್ಲ್ಸ್ ಬರ್ಲಿಟ್ಜ್ ಬರೆದ ಪುಸ್ತಕ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಅದಕ್ಕೆ ಉತ್ತರ ಕೊಟ್ಟವನು ನಾವಿಕನಲ್ಲ, ವಿಜ್ಞಾನಿಯೂ ಅಲ್ಲ, ಲಾರೆನ್ಸ್ ಕುಶೆ ಎಂಬ ಗ್ರಂಥಪಾಲಕ. ಅವನಿದ್ದದ್ದು ಅರಿಜೋನಾದಲ್ಲಿ, ಮರುಭೂಮಿಯ ರಾಜ್ಯದಲ್ಲಿ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ತ್ರಿಭುಜದ ಬಗ್ಗೆ ಪುಸ್ತಕ ಕೊಡಿ ಎಂದು ಪದೇಪದೇ ಬಂದು ಕೇಳುತ್ತಿದ್ದರಂತೆ. ಅವನು ಮಾಡಿದ ಕೆಲಸ ಬಹಳ ಸರಳವಾದದ್ದು. ಪ್ರತಿಯೊಂದು ಘಟನೆಗೂ ಆ ದಿನಗಳ ವೃತ್ತಪತ್ರಿಕೆ, ಹವಾಮಾನ ವರದಿ, ವಿಚಾರಣಾ ದಾಖಲೆಗಳನ್ನು ತರಿಸಿ ಓದಿದ. 'ಶಾಂತ ಸಮುದ್ರದಲ್ಲಿ' ಕಾಣೆಯಾದವು ಎಂದು ಬರೆಯಲಾಗಿದ್ದ ಎಷ್ಟೋ ಹಡಗುಗಳು ಬಿರುಗಾಳಿಯ ದಿನ ಹೋಗಿದ್ದವು. ಕೆಲವು ಹೋದದ್ದು ಅಲ್ಲಿ ಅಲ್ಲವೇ ಅಲ್ಲ. 1902ರಲ್ಲಿ ತ್ರಿಭುಜದಲ್ಲಿ ನಾವಿಕರನ್ನು ಕಳೆದುಕೊಂಡಿತು ಎನ್ನಲಾದ 'ಫ್ರೇಯಾ' ಎಂಬ ಹಡಗಿನ ನಿಜವಾದ ಘಟನೆ ನಡೆದದ್ದು ಮೆಕ್ಸಿಕೊದ ಆಚೆ ಬದಿಯಲ್ಲಿ, ಪೆಸಿಫಿಕ್ ಸಾಗರದಲ್ಲಿ! 1975ರಲ್ಲಿ ಕುಶೆ ತನ್ನ ಪುಸ್ತಕ ಪ್ರಕಟಿಸಿದ. ಬರ್ಲಿಟ್ಜ್‌ನ ಪುಸ್ತಕದಷ್ಟು ಅದು ಮಾರಾಟವಾಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಈ ದಂತಕಥೆಯ ತಿರುಳಾಗಿರುವುದು ಫ್ಲೈಟ್ 19. 1945ರ ಡಿಸೆಂಬರ್ 5ರ ಮಧ್ಯಾಹ್ನ ಫ್ಲೋರಿಡಾದಿಂದ ತರಬೇತಿಗೆ ಹಾರಿದ ಐದು ನೌಕಾಪಡೆ ವಿಮಾನಗಳು ಹದಿನಾಲ್ಕು ಜನರೊಂದಿಗೆ ಮರಳಲಿಲ್ಲ. ಅವುಗಳ ರೇಡಿಯೊ ಮಾತುಕತೆ ದಾಖಲಾಗಿದೆ. ತಂಡದ ನಾಯಕ ಲೆಫ್ಟಿನೆಂಟ್ ಚಾರ್ಲ್ಸ್ ಟೇಲರ್ ತನ್ನ ದಿಕ್ಸೂಚಿಗಳು ಕೆಟ್ಟಿವೆ ಎಂದು ಹೇಳಿದ್ದ. ಕೆಳಗೆ ಕಂಡ ದ್ವೀಪಗಳನ್ನು ಫ್ಲೋರಿಡಾದ ದಕ್ಷಿಣದ ಕೀಸ್ ದ್ವೀಪಗಳೆಂದು ಅವನು ತಿಳಿದ. ಅವನು ಇದ್ದದ್ದು ಬಹುಶಃ ಬಹಾಮಾಸ್ ಮೇಲೆ. ಕೀಸ್ ಮೇಲೆ ಇದ್ದೇನೆ ಎಂದುಕೊಂಡವನು ನೆಲಕ್ಕಾಗಿ ಉತ್ತರಕ್ಕೆ, ಪೂರ್ವಕ್ಕೆ ಹಾರುತ್ತಾನೆ. ಬಹಾಮಾಸ್ ಮೇಲಿದ್ದವನಿಗೆ ಅದು ನಡುಗಡಲಿನ ದಾರಿ. ಕತ್ತಲಾಯಿತು, ಹವೆ ಕೆಟ್ಟಿತು, ಇಂಧನ ಮುಗಿಯಿತು. ಅವರನ್ನು ಹುಡುಕಲು ಹೊರಟ ಮ್ಯಾರಿನರ್ ವಿಮಾನವೂ ಹದಿಮೂರು ಜನರೊಂದಿಗೆ ಹೋಯಿತು. ಅದು ಹಾರಿದ ಸ್ವಲ್ಪ ಹೊತ್ತಿಗೇ ಬೆಂಕಿ ಕಂಡೆವು ಎಂದು ಆ ದಾರಿಯಲ್ಲಿದ್ದ ಹಡಗೊಂದರವರು ಹೇಳಿದರು. ಇಂಧನದ ಆವಿ ಸೋರುವ ಆ ಮಾದರಿಗೆ ಪೈಲಟ್‌ಗಳ ನಡುವೆ 'ಹಾರುವ ಪೆಟ್ರೋಲ್ ಟ್ಯಾಂಕು' ಎಂಬ ಅಡ್ಡಹೆಸರೇ ಇತ್ತು.

ಹಾಗಾದರೆ ನಿಗೂಢ ಎಲ್ಲಿಂದ ಬಂತು? ಇಲ್ಲಿ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನೌಕಾಪಡೆಯ ಮೊದಲ ವರದಿ ಟೇಲರ್‌ನನ್ನು ಹೊಣೆ ಮಾಡಿತ್ತು. ಅವನ ತಾಯಿ ಅದನ್ನು ಒಪ್ಪಲಿಲ್ಲ. ವಿಮಾನಗಳೂ ಸಿಕ್ಕಿಲ್ಲ, ದೇಹಗಳೂ ಸಿಕ್ಕಿಲ್ಲ, ನನ್ನ ಮಗನೇ ತಪ್ಪು ಮಾಡಿದ ಎಂದು ಹೇಗೆ ಬರೆಯುತ್ತೀರಿ ಎಂದು ಹೋರಾಡಿದಳು. ಕೊನೆಗೆ ನೌಕಾಪಡೆ ವರದಿಯನ್ನು ತಿದ್ದಿ 'ಕಾರಣ ತಿಳಿದಿಲ್ಲ' ಎಂದು ಬರೆಯಿತು. ಮಗನ ಹೆಸರು ಉಳಿಸಲು ಒಬ್ಬ ತಾಯಿ ಬರೆಸಿಕೊಂಡ ಆ ಎರಡು ಪದಗಳ ಮೇಲೆ ಮುಂದಿನವರು ಕಿರಣ, ಗ್ರಹ, ಅಟ್ಲಾಂಟಿಸ್‌ಗಳನ್ನೆಲ್ಲ ಕಟ್ಟಿದರು. ಹೈಸ್ಕೂಲಿನಲ್ಲಿ ಬಾಯಿ ಬಿಟ್ಟುಕೊಂಡು ಓದಿದ್ದ ಕಥೆಯ ತಳದಲ್ಲಿ ಒಬ್ಬ ದೊಡ್ಡವ್ವ ಇದ್ದಳು.

ನಮ್ಮ ಪಶ್ಚಿಮ ಕಡಲಿಗೂ ಇಂಥದೊಂದು ಹಳೆಯ ಕಥೆಯಿದೆ, ಕನ್ನಡದಲ್ಲಿ ಅಷ್ಟಾಗಿ ಯಾರೂ ಹೇಳುವುದಿಲ್ಲ. 'ವೈತರಣಾ' ಎಂಬ ಉಗಿಹಡಗು 1888ರ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ಮುಂಬೈಗೆ ಹೊರಟಿತು. ಮೂರೇ ವರ್ಷದ ಹೊಸ ಹಡಗು. ವಿದ್ಯುತ್ ದೀಪಗಳಿದ್ದುದರಿಂದ ಜನ ಅದನ್ನು 'ವೀಜಳಿ', ಅಂದರೆ ಮಿಂಚು ಎಂದು ಕರೆಯುತ್ತಿದ್ದರು. ದ್ವಾರಕೆ ಮುಟ್ಟಿತು, ಹವೆ ಕೆಟ್ಟಿದ್ದರಿಂದ ಪೋರಬಂದರಿನಲ್ಲಿ ನಿಲ್ಲಲಿಲ್ಲ, ಸಂಜೆ ಮಾಂಗರೋಳದ ಬಳಿ ಕಂಡಿತು ಎನ್ನುತ್ತಾರೆ. ಆಮೇಲೆ ಇಲ್ಲ. ದಾಖಲೆಯ ಪ್ರಕಾರ ಏಳುನೂರ ನಲವತ್ತಕ್ಕೂ ಹೆಚ್ಚು ಜನ, ಜನಪದ ಹಾಡುಗಳ ಪ್ರಕಾರ ಸಾವಿರಕ್ಕೂ ಮೇಲೆ. ಮದುವೆ ದಿಬ್ಬಣಗಳಿದ್ದವು, ಮುಂಬೈಗೆ ಮೆಟ್ರಿಕ್ ಪರೀಕ್ಷೆ ಬರೆಯಲು ಹೊರಟ ಹುಡುಗರಿದ್ದರು ಎಂದು ಗುಜರಾತಿನವರು ಇಂದಿಗೂ ಹೇಳುತ್ತಾರೆ. ಪರೀಕ್ಷೆ ಬರೆಯಲು ಹಡಗು ಹತ್ತಿದ ಹುಡುಗರನ್ನು ನೆನೆದಾಗ ನನಗೆ ಎದುರಿನ ಬೆಂಚುಗಳು ಕಾಣುತ್ತವೆ.

ಹಡಗಿನ ಒಂದು ಹಲಗೆಯೂ ಸಿಗಲಿಲ್ಲ. ಆದರೆ ಮುಂಬೈ ಸರ್ಕಾರ ನಡೆಸಿದ ವಿಚಾರಣೆಯಲ್ಲಿ ಹೊರಬಿದ್ದದ್ದು ನಿಗೂಢವೇನೂ ಅಲ್ಲ: ಅಷ್ಟು ಜನಕ್ಕೆ ಸಾಲುವಷ್ಟು ಜೀವರಕ್ಷಕ ದೋಣಿಗಳು, ಜಾಕೆಟ್‌ಗಳು ಹಡಗಿನಲ್ಲಿ ಇರಲಿಲ್ಲ. ಚಂಡಮಾರುತ ಹಡಗನ್ನು ಮುಳುಗಿಸಿರಬೇಕು. ಅಷ್ಟೂ ಜನ ಹೋದದ್ದಕ್ಕೆ ಮಾತ್ರ ಗಾಳಿಯೊಂದೇ ಕಾರಣವಲ್ಲ.

ಹಡಗು ಹೇಗೆ ಸದ್ದಿಲ್ಲದೆ ಹೋಗುತ್ತದೆ ಎಂಬುದಕ್ಕೆ ಬಹುತೇಕ ಎಲ್ಲರೂ ಕೊಡುವ ಉತ್ತರ ಬಿರುಗಾಳಿ. ಆದರೆ ನನ್ನಂಥ ಬಯಲುಸೀಮೆಯವನಿಗೆ ಹೆಚ್ಚು ಅರ್ಥವಾದದ್ದು ಮಣ್ಣಿನ ಉತ್ತರ. ಭೀಮಾ ನದಿಯಿಂದ ಹಸಿ ಮರಳು ತುಂಬಿದ ಟ್ರ್ಯಾಕ್ಟರ್ ಊರು ಮುಟ್ಟುವಷ್ಟರಲ್ಲಿ ಮರಳು ಕುಸಿದು ಮೇಲೆ ನೀರು ನಿಂತಿರುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ತುಂಬುವಾಗ ಗಟ್ಟಿಯಾಗಿದ್ದ ಮರಳು ದಾರಿಯ ಕುಲುಕಾಟಕ್ಕೆ ಅಂಬಲಿಯಾಗುತ್ತದೆ. ಹಡಗಿನ ಹೊಟ್ಟೆಯಲ್ಲಿ ತುಂಬಿದ ಅದಿರಿನ ಪುಡಿಗೂ ಇದೇ ಆಗುತ್ತದೆ. ಹದಕ್ಕಿಂತ ಹೆಚ್ಚು ತೇವವಿದ್ದರೆ ಎಂಜಿನ್ನಿನ ನಡುಕ, ಅಲೆಯ ಓಲಾಟಕ್ಕೆ ಅದು ದ್ರವದಂತೆ ಒಂದು ಬದಿಗೆ ಹರಿಯುತ್ತದೆ. ಹಡಗು ವಾಲುತ್ತದೆ, ಮರಳಿ ನೆಟ್ಟಗಾಗುವುದಿಲ್ಲ. ಕೆಲವೊಮ್ಮೆ ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ರೇಡಿಯೊ ಹಿಡಿಯಲು ಸಮಯವಿರುವುದಿಲ್ಲ.

ಇದು ದೂರದ ಕಥೆಯಲ್ಲ. ಕರ್ನಾಟಕದ ಅದಿರು ವ್ಯಾಪಾರ ಉಚ್ಛ್ರಾಯದಲ್ಲಿದ್ದ 2009ರ ಜುಲೈನಲ್ಲಿ, ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ 'ಏಷ್ಯನ್ ಫಾರೆಸ್ಟ್' ಎಂಬ ಹಡಗು ಮಂಗಳೂರಿನಾಚೆ ವಾಲಿ ಮುಳುಗಿತು. ಅದು ಮಳೆಗಾಲ. ಬಯಲಿನಲ್ಲಿ ರಾಶಿ ಹಾಕಿದ ಅದಿರು ಎಷ್ಟು ನೀರು ಕುಡಿದಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ದಡ ಹತ್ತಿರವಿದ್ದುದರಿಂದ ನಾವಿಕರನ್ನು ಕಾಪಾಡಲಾಯಿತು. ಹತ್ತಿರವಿದ್ದದ್ದಕ್ಕೇ ಅದು ನಿಗೂಢವಾಗಲಿಲ್ಲ, ಪತ್ರಿಕೆಯ ಒಳಪುಟದ ಸುದ್ದಿಯಾಯಿತು. ಎರಡು ವರ್ಷದ ನಂತರ, 2011ರ ಡಿಸೆಂಬರ್ 25ರಂದು ನಿಕ್ಕಲ್ ಅದಿರು ಹೊತ್ತಿದ್ದ ವಿಯೆಟ್ನಾಮಿನ 'ವಿನಾಲೈನ್ಸ್ ಕ್ವೀನ್' ಫಿಲಿಪ್ಪೀನ್ಸ್ ಬಳಿ ನಡುಗಡಲಿನಲ್ಲಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ಇಪ್ಪತ್ಮೂರು ಜನರಲ್ಲಿ ಒಬ್ಬ ಐದು ದಿನ ಕಡಲಿನಲ್ಲಿ ತೇಲಿ ದಾರಿಹೋಕ ಹಡಗೊಂದಕ್ಕೆ ಸಿಕ್ಕ. ಅವನು ಸಿಗದೇ ಹೋಗಿದ್ದರೆ ಹಡಗು ಬೇಗಬೇಗ ವಾಲಿ ಮುಳುಗಿತೆಂದು ಹೇಳಲು ಯಾರೂ ಇರುತ್ತಿರಲಿಲ್ಲ.

ಈ ಬೆಳಕಿನಲ್ಲಿ ಬರ್ಮುಡಾ ಕಥೆಯ ಇನ್ನೊಬ್ಬ ನಾಯಕನನ್ನು ನೋಡಬೇಕು. 1918ರ ಮಾರ್ಚಿನಲ್ಲಿ 306 ಜನರೊಂದಿಗೆ ಕಾಣೆಯಾದ ಅಮೆರಿಕದ 'ಸೈಕ್ಲೋಪ್ಸ್' ಕಲ್ಲಿದ್ದಲು ಸಾಗಿಸಲೆಂದು ಕಟ್ಟಿದ ಹಡಗು. ಆ ಪ್ರಯಾಣದಲ್ಲಿ ಅದು ಬ್ರೆಜಿಲ್‌ನಿಂದ ಹೊತ್ತು ತಂದದ್ದು ಹತ್ತು ಸಾವಿರ ಟನ್ನಿಗೂ ಹೆಚ್ಚು ಮ್ಯಾಂಗನೀಸ್ ಅದಿರು, ನಮ್ಮ ಸಂಡೂರಿನ ಗುಡ್ಡಗಳಲ್ಲಿ ಅಗೆಯುವಂಥದು. ಕಲ್ಲಿದ್ದಲಿಗಿಂತ ಎಷ್ಟೋ ಪಾಲು ತೂಕದ್ದು. ಜೊತೆಗೆ ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟಿತ್ತು. ಅದೇ ವಿನ್ಯಾಸದ ಸೋದರ ಹಡಗುಗಳಾದ 'ಪ್ರೋಟಿಯಸ್' ಮತ್ತು 'ನೀರಿಯಸ್' 1941ರ ಕೊನೆಯಲ್ಲಿ ಒಂದಾದ ಮೇಲೊಂದು ಕಾಣೆಯಾದವು. ಅವೆರಡರಲ್ಲೂ ಇದ್ದದ್ದು ಬಾಕ್ಸೈಟ್ ಅದಿರು. ಮೂರು ಹಡಗುಗಳೂ ಸಿಕ್ಕಿಲ್ಲ, ಆದ್ದರಿಂದ ಖಚಿತವಾಗಿ ಹೀಗೇ ಆಯಿತೆಂದು ಯಾರೂ ಹೇಳುವಂತಿಲ್ಲ. ಆದರೆ ನನ್ನನ್ನು ಕೇಳಿದರೆ, ಅಟ್ಲಾಂಟಿಸ್‌ಗಿಂತ ಮೊದಲು ಸರಕಿನ ಪಟ್ಟಿಯನ್ನು ನೋಡಿ ಎನ್ನುತ್ತೇನೆ.

ಅಲೆಗಳ ಮಾತೂ ಇದೆ. ಸುತ್ತಲಿನ ಅಲೆಗಳಿಗಿಂತ ಎರಡು ಪಟ್ಟು ಎತ್ತರದ ಒಂಟಿ ಅಲೆ ನೀರಿನ ಗೋಡೆಯಂತೆ ಎದ್ದು ಬರುತ್ತದೆ ಎಂದು ನಾವಿಕರು ಶತಮಾನಗಳಿಂದ ಹೇಳುತ್ತಿದ್ದರೆ, ಓದಿದವರು ಅದನ್ನು ಕುಡುಕರ ಮಾತು ಎನ್ನುತ್ತಿದ್ದರು. 1995ರ ಜನವರಿ 1ರಂದು ನಾರ್ವೆಯ ಕಡಲಿನ ಡ್ರೌಪ್ನರ್ ವೇದಿಕೆಯಲ್ಲಿದ್ದ ಲೇಸರ್ ಉಪಕರಣ 25.6 ಮೀಟರ್ ಎತ್ತರದ ಅಲೆಯನ್ನು ಅಳೆಯಿತು. ಅಂದಿನಿಂದ ವಿಜ್ಞಾನಿಗಳೂ ಅದನ್ನು ನಂಬಿದರು. 1978ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್‌ನಲ್ಲಿ 28 ಜನರೊಂದಿಗೆ ಇಲ್ಲವಾದ ಜರ್ಮನಿಯ 'ಮ್ಯೂನ್ಶೆನ್' ಹಡಗಿನ ಒಂದು ಜೀವರಕ್ಷಕ ದೋಣಿ ಸಿಕ್ಕಿತ್ತು. ನೀರಿನಿಂದ ಇಪ್ಪತ್ತು ಮೀಟರ್ ಎತ್ತರದಲ್ಲಿ ತೂಗುಹಾಕಿದ್ದ ಆ ದೋಣಿಯ ಕಬ್ಬಿಣದ ಮೊಳೆಗಳು ಯಾವುದೋ ಭಾರಿ ಹೊಡೆತಕ್ಕೆ ಬಾಗಿದ್ದವು.

ಆದರೆ ನಾನು ಹೆಚ್ಚು ಹೊತ್ತು ಓದಿದ್ದು 'ಡರ್ಬಿಶೈರ್' ಕಥೆಯನ್ನು. 1980ರ ಸೆಪ್ಟೆಂಬರಿನಲ್ಲಿ ಕಬ್ಬಿಣದ ಅದಿರು ಹೊತ್ತು ಜಪಾನಿಗೆ ಹೊರಟಿದ್ದ ಈ ಬ್ರಿಟಿಷ್ ಹಡಗು ತುಫಾನಿಗೆ ಸಿಕ್ಕಿ, ಒಂದೂ ಅಪಾಯದ ಕರೆ ಕೊಡದೆ, 44 ಜನರೊಂದಿಗೆ ಹೋಯಿತು. ನಾವಿಕರಲ್ಲಿ ಇಬ್ಬರ ಹೆಂಡತಿಯರೂ ಜೊತೆಗಿದ್ದರು. ತೊಂಬತ್ತು ಸಾವಿರ ಟನ್ನಿಗೂ ಮೀರಿದ ಹಡಗು ಅದು. ಮೊದಲು ವಿಚಾರಣೆಯೇ ಬೇಡ ಎಂದರು. ಒತ್ತಡಕ್ಕೆ ಮಣಿದು ವಿಚಾರಣೆ ನಡೆಸಿ 1989ರಲ್ಲಿ ಕೊಟ್ಟ ವರದಿಯ ಸಾರ, ಪ್ರಕೃತಿಯ ಶಕ್ತಿಗೆ ಬಲಿಯಾಯಿತು ಎಂಬುದು. ಇದು ಹೇಳುವವರಿಗೆ ಎಷ್ಟು ಅನುಕೂಲದ ಮಾತು ನೋಡಿ! ಪ್ರಕೃತಿಯ ಮೇಲೆ ಯಾರೂ ಮೊಕದ್ದಮೆ ಹಾಕುವಂತಿಲ್ಲ.

ಸತ್ತವರ ಮನೆಯವರು ಒಂದು ಸಂಘ ಕಟ್ಟಿಕೊಂಡು ಬೆನ್ನು ಬಿಡಲಿಲ್ಲ. ಸರ್ಕಾರ ಹುಡುಕುವುದಿಲ್ಲ ಎಂದಾಗ ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಹಣ ಕೊಟ್ಟಿತು. 1994ರಲ್ಲಿ ಹುಡುಕಲು ಹೋದವರಿಗೆ ನಾಲ್ಕು ಕಿಲೋಮೀಟರ್ ಆಳದಲ್ಲಿ ಹಡಗು ಸಿಕ್ಕಿತು, ಅದೂ ಹುಡುಕಾಟ ಶುರುವಾದ ಕೆಲವೇ ದಿನಗಳಲ್ಲಿ. ಹದಿನಾಲ್ಕು ವರ್ಷ ಅದು ಅಲ್ಲೇ ಇತ್ತು, ಯಾರೂ ಹೋಗಿ ನೋಡಿರಲಿಲ್ಲ. ಆಮೇಲೆ ತೆಗೆದ ಲಕ್ಷಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ನೋಡಿದ ತಜ್ಞರು ಮೊದಲು, ನಾವಿಕರು ಮುಂಭಾಗದ ಕೋಣೆಯೊಂದರ ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ ಎಂದರು. ತಪ್ಪು ಮತ್ತೆ ಸತ್ತವರದೇ! ಕುಟುಂಬಗಳು ಅದನ್ನೂ ಒಪ್ಪಲಿಲ್ಲ. 2000ದಲ್ಲಿ ಮುಗಿದ ಮರುವಿಚಾರಣೆ ನಾವಿಕರನ್ನು ಆ ಆರೋಪದಿಂದ ಮುಕ್ತಗೊಳಿಸಿತು. ಅಲೆಗಳು ಮೂತಿಯ ಮೇಲಿನ ಗಾಳಿಕೊಳವೆಗಳನ್ನು ಮುರಿದುಹಾಕಿ, ಗಂಟೆಗಟ್ಟಲೆ ನೀರು ಒಳಗೆ ಇಳಿದು, ಮೂತಿ ತಗ್ಗಿ, ಮೊದಲ ಸರಕುಕೋಣೆಯ ಮುಚ್ಚಳ ಒಡೆದಿತ್ತು. ಅಂಥ ಅಲೆ ತಡೆಯುವಷ್ಟು ಗಟ್ಟಿಯಾಗಿ ಆ ಮುಚ್ಚಳಗಳನ್ನು ಮಾಡಬೇಕೆಂಬ ನಿಯಮವೇ ಇರಲಿಲ್ಲ. ಆಮೇಲೆ ನಿಯಮಗಳು ಬದಲಾದವು. ಇವತ್ತು ನವಮಂಗಳೂರಿಗೆ ಬರುವ ಅದಿರಿನ ಹಡಗುಗಳ ಮುಚ್ಚಳದ ಹಿಂದೆ ಲಿವರ್‌ಪೂಲ್‌ನ ಕೆಲವು ವಿಧವೆಯರ ಇಪ್ಪತ್ತು ವರ್ಷದ ಹಟವೂ ಇದೆ.

ವಿಮಾನಗಳ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಅವು ವೇಗವಾಗಿ ಹೋಗುತ್ತವೆ. ಕೊನೆಯ ಸಂದೇಶಕ್ಕೂ ಬಿದ್ದ ಜಾಗಕ್ಕೂ ನಡುವೆ ಕೆಲವೇ ನಿಮಿಷಗಳಿದ್ದರೂ ಹುಡುಕಬೇಕಾದ ಕಡಲು ಒಂದು ಜಿಲ್ಲೆಯಷ್ಟಾಗಿರುತ್ತದೆ. ರೇಡಿಯೊ ತರಂಗ ನೀರಿನೊಳಗಿನಿಂದ ಹೊರಬರುವುದಿಲ್ಲ. ನೀರಿನಲ್ಲಿ ಸದ್ದು ಮಾಡುವ ಸಾಧನದ ಬ್ಯಾಟರಿ ಆ ಕಾಲಕ್ಕೆ ಸುಮಾರು ಒಂದು ತಿಂಗಳು ಬರುತ್ತಿತ್ತು. 2009ರ ಜೂನ್ 1ರಂದು 228 ಜನರೊಂದಿಗೆ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ ವಿಮಾನ ಎರಡು ವರ್ಷ ನಿಗೂಢವಾಗಿತ್ತು. 2011ರಲ್ಲಿ ಪೆಟ್ಟಿಗೆಗಳು ಸಿಕ್ಕ ಮೇಲೆ ತಿಳಿಯಿತು: ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ, ತಪ್ಪು ಲೆಕ್ಕ ತೋರಿಸಿ, ಪೈಲಟ್‌ಗಳು ಗೊಂದಲದಲ್ಲಿ ಮೂತಿ ಎತ್ತುತ್ತ ಹೋಗಿದ್ದರು. 2014ರ ಮಾರ್ಚ್ 8ರಂದು 239 ಜನರೊಂದಿಗೆ ಕಾಣೆಯಾದ ಮಲೇಷ್ಯಾದ ವಿಮಾನ ಇನ್ನೂ ಸಿಕ್ಕಿಲ್ಲ. ರೆಕ್ಕೆಯ ಒಂದು ತುಂಡು ಮರುವರ್ಷ ಹಿಂದೂ ಮಹಾಸಾಗರದ ಆಚೆ, ರಿಯೂನಿಯನ್ ದ್ವೀಪದ ದಡಕ್ಕೆ ಬಂದಿತ್ತು. ಮಾಯವಾಗಿಲ್ಲ, ಎಲ್ಲೋ ಇದೆ.

ನಮ್ಮದೇ ವಾಯುಪಡೆಯ ಎಎನ್-32 ವಿಮಾನ 2016ರ ಜುಲೈ 22ರ ಬೆಳಿಗ್ಗೆ ಚೆನ್ನೈನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ 29 ಜನರೊಂದಿಗೆ ಹೊರಟು ಬಂಗಾಳಕೊಲ್ಲಿಯ ಮೇಲೆ ರಡಾರಿನಿಂದ ಮರೆಯಾಯಿತು. ದೊಡ್ಡ ಹುಡುಕಾಟ ನಡೆದೂ ಏನೂ ಸಿಗದೆ, ಸೆಪ್ಟೆಂಬರ್‌ನಲ್ಲಿ ಎಲ್ಲರೂ ಮೃತಪಟ್ಟಿದ್ದಾರೆಂದು ಭಾವಿಸಲಾಗಿದೆ ಎಂದು ಮನೆಯವರಿಗೆ ತಿಳಿಸಲಾಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮುಂದೆ ಆಳಕ್ಕಿಳಿದು ತಾನೇ ಚಲಿಸುವ ಯಂತ್ರವೊಂದನ್ನು ಬಿಟ್ಟಿತು. ಅದು ಚೆನ್ನೈ ತೀರದಿಂದ ಸುಮಾರು 140 ನಾಟಿಕಲ್ ಮೈಲಿ ದೂರ, 3,400 ಮೀಟರ್ ಆಳದ ತಳದಲ್ಲಿ ವಿಮಾನದ ತುಣುಕುಗಳ ಚಿತ್ರ ತೆಗೆಯಿತು. ಸುದ್ದಿ ಹೊರಬಂದದ್ದು 2024ರ ಜನವರಿಯಲ್ಲಿ, ಏಳೂವರೆ ವರ್ಷಗಳ ಮೇಲೆ. ಇದೇ ಮಾದರಿಯ ಇನ್ನೊಂದು ವಿಮಾನ 1986ರ ಮಾರ್ಚ್ 25ರಂದು ಮಸ್ಕತ್‌ನಿಂದ ಜಾಮ್‌ನಗರಕ್ಕೆ ಬರುವಾಗ ಅರಬ್ಬಿ ಸಮುದ್ರದ ಮೇಲೆ ಕಾಣೆಯಾಗಿತ್ತು. ಅದರ ಸುಳಿವು ಇನ್ನೂ ಇಲ್ಲ.

ಇತ್ತ ಮಲ್ಪೆಯ ಬೋಟಿಗೆ ಬರೋಣ. ಮಹಾರಾಷ್ಟ್ರದ ತೀರದಾಚೆ 'ಎಸ್.ಟಿ.' ಎಂಬ ಗುರುತಿದ್ದ ಮೀನಿನ ಕ್ರೇಟುಗಳು ಸಿಕ್ಕಿದ್ದವು. ಬೋಟು ಕಾಣೆಯಾದ ಹೊತ್ತಿನಲ್ಲೇ ಆ ಪ್ರದೇಶದಲ್ಲಿದ್ದ ನೌಕಾಪಡೆಯ ಐಎನ್‌ಎಸ್ ಕೊಚ್ಚಿ ಹಡಗಿನ ತಳಕ್ಕೆ ಹಾನಿಯಾಗಿತ್ತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಹಡಗು ಡಿಕ್ಕಿ ಹೊಡೆದೇ ಬೋಟು ಮುಳುಗಿದೆ ಎಂದು ಮೀನುಗಾರರು ಆರೋಪಿಸಿದರು. ಅವರ ಒತ್ತಾಯ ನಿಲ್ಲಲಿಲ್ಲ. ಕೊನೆಗೆ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಲ್ಪೆಯವರನ್ನೂ ಜೊತೆಗೆ ಕರೆದುಕೊಂಡು ಹುಡುಕಲು ಹೊರಟಿತು. 2019ರ ಮೇ ತಿಂಗಳ ಆರಂಭದಲ್ಲಿ, ಮಾಲ್ವಣ ತೀರದಾಚೆ ಸುಮಾರು ಅರವತ್ತು ಮೀಟರ್ ಆಳದಲ್ಲಿ ಸುವರ್ಣ ತ್ರಿಭುಜದ ಅವಶೇಷ ಸಿಕ್ಕಿತು. ಏಳು ಜನ ಮರಳಲಿಲ್ಲ. ಡಿಕ್ಕಿಯ ಮಾತು ಆರೋಪವಾಗಿಯೇ ಉಳಿಯಿತು.

ಅರವತ್ತು ಮೀಟರ್ ಎಂದರೆ ಎಷ್ಟು? ಆ ಬೋಟನ್ನು ಮೂತಿ ಮೇಲಾಗಿಸಿ ನಿಲ್ಲಿಸಿದರೆ ಮೂರು ಬೋಟಿನ ಎತ್ತರವೂ ಆಗಲಿಕ್ಕಿಲ್ಲ. ನಾಲ್ಕೂವರೆ ತಿಂಗಳು ಅಪಹರಣ, ಕಳ್ಳರು, ಪರದೇಶ ಎಂದು ಊರೆಲ್ಲ ಮಾತಾಡುತ್ತಿದ್ದಾಗ ಅದು ಅಷ್ಟೇ ಆಳದಲ್ಲಿತ್ತು. ಆ ಕಡಲ ತೀರದವರಿಗೆ ಬೊಬ್ಬರ್ಯ ಎಂಬ ದೈವವಿದೆ, ಕಡಲಿನಲ್ಲೇ ಸತ್ತು ದೈವವಾದವನು. ಮೊಗವೀರರು ಇವತ್ತಿಗೂ ಅವನನ್ನು ನಂಬುತ್ತಾರೆ. ಕಡಲಿಗೆ ಹೋದವನು ಬಾರದೆ ಹೋಗಬಹುದೆಂಬುದು ಅವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಅವರು ಹೆದ್ದಾರಿಯಲ್ಲಿ ಕುಳಿತದ್ದು ಸಾವನ್ನು ಒಪ್ಪಲಾರದೆ ಅಲ್ಲ, 'ಗೊತ್ತಿಲ್ಲ' ಎಂಬುದನ್ನು ಒಪ್ಪಲಾರದೆ ಎಂದು ನನಗೆ ಈಗ ಅನಿಸುತ್ತದೆ. ಈಚೆಗೆ ಮೀನುಗಾರಿಕಾ ಬೋಟುಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಕೊಡುವ ಯೋಜನೆ ಶುರುವಾಗಿದೆ. ದೇಶದಲ್ಲಿ ಒಟ್ಟು ಒಂದು ಲಕ್ಷ ಬೋಟುಗಳಿಗೆ ಎಂಬ ಲೆಕ್ಕ. 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು.

ಕಳೆದ ಸಲ ರಾಮಸಮುದ್ರಕ್ಕೆ ಹೋದಾಗ ದೊಡ್ಡವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಈಚೆಗೆ ಏನು ಬರೆಯುತ್ತಿದ್ದೀ ಎಂದು ಕೇಳಿದಳು. ವಿಮಾನದ ಕಥೆ ಹೇಳಿದೆ. ಏಳೂವರೆ ವರ್ಷದ ಮೇಲೆ ಸಿಕ್ಕಿತು ಎಂದದ್ದಕ್ಕೆ ಕೈ ನಿಲ್ಲಿಸಿದಳು.

"ನೀರಿನ ತೆಳಗ ಎಷ್ಟು ಆಳ ಇತ್ತೋ?"

"ಮೂರು ಕಿಲೋಮೀಟರಿಗಿಂತ ಹೆಚ್ಚು, ದೊಡ್ಡವ್ವ."

"ಅಲ್ಲಿ ತನಕ ಹೋಗಿ ನೋಡ್ಯಾರ?"

ಎದ್ದು ಒಳಗೆ ಹೋಗಿ, ದೇವರ ಫೋಟೊದ ಹಿಂದೆ ಇಟ್ಟಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತಂದು ಕೈಗೆ ಕೊಟ್ಟಳು. ಮಗ ಕಾಣೆಯಾದ ಬಗ್ಗೆ ಕೊಟ್ಟ ದೂರಿನ ನಕಲು, ಮಡಿಕೆಗಳಲ್ಲಿ ಹರಿದಿತ್ತು. ತಾರೀಖು ಓದು ಎಂದಳು. ಓದಿದೆ. ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತಿದ್ದಾನೆಂದು ಭಾವಿಸಬಹುದು ಎಂಬ ಕಾನೂನು 1872ರ ಸಾಕ್ಷ್ಯ ಕಾಯಿದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ ಹೊಸ ಕಾಯಿದೆಯಲ್ಲೂ ಇದೆ. ಕೋರ್ಟಿಗೆ ಹೋದರೆ ಒಂದು ಆದೇಶ ಸಿಗುತ್ತದೆ, ಹೊಲದ ಪಹಣಿಯಲ್ಲಿ ಸೊಸೆಯ ಹೆಸರು ಬರುತ್ತದೆ, ವಿಧವಾ ವೇತನಕ್ಕೂ ಅರ್ಜಿ ಹಾಕಬಹುದು ಎಂದು ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದೆ. ಏಳು ವರ್ಷ ತುಂಬಿ ಎರಡು ತಿಂಗಳಾಗಿತ್ತು.

ದೊಡ್ಡವ್ವ ಒಳಗಿನ ಬಾಗಿಲ ಕಡೆ ನೋಡಿದಳು. ಸೊಸೆ ಒಲೆಯ ಮುಂದಿದ್ದಳು, ಹಣೆಯಲ್ಲಿ ಕುಂಕುಮವಿತ್ತು.

"ಪಂಚಮಿ ಹೋಗ್ಲಿ, ನೋಡೋಣು" ಎಂದು ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ ಚೀಲಕ್ಕೆ ಹಾಕಿ, ಮರದ ಮೇಲೆ ಮತ್ತೆ ಜೋಳ ಸುರಿದುಕೊಂಡಳು.